ಕಂಪನಿ ಒಂದು ರಾಜ್ಯದ್ದು, ವ್ಯವಹಾರ ಇನ್ನೊಂದು ರಾಜ್ಯದಲ್ಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗ್ಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷ್ಯದ್ದು, ಕಂಪನಿ ಒಂದು ಕಡೆ ರಿಜಿಸ್ಟರ್ ಆಗಿದೆ, ವ್ಯಾಪಾರ ಇನ್ನೊಂದು ರಾಜ್ಯದಲ್ಲಿ ಮಾಡ್ಬೇಕು, ಎಂತ ಮಾಡೋದು ಅಂತ. ಹಾಗಾಗಿ ಪೋಡಿ, ಪಹಣಿ, ಬಗರ್‌ಹುಕುಂ ಪ್ರಶ್ನೆಗಳನ್ನೆಲ್ಲ ಮುಂದಿನ ಸಲಕ್ಕೆ ಇಟ್ಕೊಂಡಿದೀವಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಮ್ ಭಾವನವರದ್ದು ಪುಣೆಯಲ್ಲಿ ಸಣ್ಣ ಸಾಫ್ಟ್‌ವೇರ್ ಕಂಪನಿ, ಪ್ರೈವೇಟ್ ಲಿಮಿಟೆಡ್. ಇಲ್ಲಿ ಏರ್‌ಪೋರ್ಟೂ ಆಯ್ತು, ಬಾಡಿಗೆ ಕಡ್ಮೆ, ಓದಿದ ಹುಡುಗ್ರೂ ಸಿಗ್ತಾರೆ ಅಂತ ಶಿವಮೊಗ್ಗದಲ್ಲಿ ಹದಿನೈದು ಜನ ಕೂರೋ ಆಫೀಸ್ ಮಾಡೋ ಯೋಚ್ನೆ. ಇಲ್ಲೊಬ್ರು ಕನ್ಸಲ್ಟೆಂಟು "ಹೊರ ರಾಜ್ಯದ ಕಂಪನಿ, ಕರ್ನಾಟಕದಲ್ಲಿ ಮತ್ತೆ ಕಂಪನಿ ರಿಜಿಸ್ಟ್ರೇಶನ್ ಆಗ್ಬೇಕು, 35 ಸಾವ್ರ ಆಗ್ತದೆ" ಅಂದ್ರು. ಹೌದಾ ಸರ್?
ಗೋಪಾಳ, ಶಿವಮೊಗ್ಗ

ಉತ್ತರ: ಆ 35 ಸಾವ್ರ ಜೇಬಲ್ಲೇ ಇರ್ಲಿ ಅಂತ ಭಾವನವರಿಗೆ ಹೇಳಿ. ನಮ್ ದೇಶದಲ್ಲಿ ಕಂಪನಿ ಹುಟ್ಟೋದು ಕೇಂದ್ರದ ಕಾಯ್ದೆಯಲ್ಲಿ, 2013ರ ಕಂಪನಿ ಕಾಯ್ದೆ, ಒಂದ್ಸಲ ರಿಜಿಸ್ಟರ್ ಆದ್ರೆ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಎಲ್ಲಿ ಬೇಕಾದ್ರೂ ಆಫೀಸ್ ತೆಗೀಬಹುದು. ಕಂಪನಿಯ 21 ಅಕ್ಷರದ ಸಿಐಎನ್ ನಂಬರಲ್ಲಿ ಮಹಾರಾಷ್ಟ್ರದ 'ಎಂಎಚ್' ಅಂತ ಇರ್ತದೆ ನೋಡಿ, ಅದು ನೋಂದಾಯಿತ ಕಚೇರಿ ಯಾವ ರಾಜ್ಯದಲ್ಲಿದೆ ಅಂತ ಹೇಳೋದಷ್ಟೇ, ಗಡಿ ಹಾಕೋದಲ್ಲ. ಆ ಕಚೇರಿಯನ್ನೇ ಪುಣೆಯಿಂದ ಕಿತ್ತು ಕರ್ನಾಟಕಕ್ಕೆ ತರ್ತೀನಿ ಅಂದ್ರೆ ಮಾತ್ರ ದೊಡ್ಡ ಕೆಲ್ಸ, ವಿಶೇಷ ನಿರ್ಣಯ, ಪತ್ರಿಕಾ ಪ್ರಕಟಣೆ, ರೀಜನಲ್ ಡೈರೆಕ್ಟರ್ ಒಪ್ಪಿಗೆ ಎಲ್ಲ ಬೇಕು. ಬ್ರಾಂಚ್ ಆಫೀಸಿಗೆ ಅದ್ಯಾವ್ದೂ ಬೇಡ.

ಆದ್ರೆ ಬೇರೆ ಒಂದಷ್ಟು ರಿಜಿಸ್ಟ್ರೇಶನ್ ಇದೆ, ಕನ್ಸಲ್ಟೆಂಟ್ ಅದಕ್ಕೆ ದುಡ್ಡು ಕೇಳಿದ್ರೆ ಅದು ಬೇರೆ ಮಾತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು, ಆಫೀಸ್ ಶುರು ಮಾಡಿದ 30 ದಿನದೊಳಗೆ ಕಾರ್ಮಿಕ ಇಲಾಖೆಯಲ್ಲಿ ಮಾಡಿಸ್ಬೇಕು. ವೃತ್ತಿ ತೆರಿಗೆ ರಾಜ್ಯದ್ದು, ಪುಣೆಯಲ್ಲಿ ಕಟ್ತಿದೀವಿ ಅಂದ್ರೆ ಇಲ್ಲಿ ಕೂತು ಕೆಲ್ಸ ಮಾಡೋರಿಗೆ ನಡಿಯೋದಿಲ್ಲ, ತಿಂಗಳಿಗೆ 25 ಸಾವ್ರ ಮತ್ತು ಮೇಲೆ ಸಂಬ್ಳ ಇದ್ರೆ ಇಲ್ಲಿ ಹಿಡಿದು ಇಲ್ಲೇ ಕಟ್ಬೇಕು, ವರ್ಷಕ್ಕೆ 2,500 ದಾಟೋ ಹಾಗಿಲ್ಲ ಅಂತ ಸಂವಿಧಾನದಲ್ಲೇ ಇದೆ. ಪಿಎಫ್‌ಗೆ "ಇಲ್ಲಿ ಹದಿನೈದೇ ಜನ, ಇಪ್ಪತ್ತಾಗಿಲ್ಲ" ಅನ್ನೋ ಲೆಕ್ಕ ಹಾಕ್ಬೇಡಿ, ಪುಣೆಯೋರು ಇಲ್ಲಿಯೋರು ಸೇರಿಸಿನೇ ಎಣಿಸೋದು.

ಜಿಎಸ್‌ಟಿ ಮಾತ್ರ ರಾಜ್ಯಕ್ಕೊಂದು. ಮಹಾರಾಷ್ಟ್ರದ ನಂಬರ್ 27ರಿಂದ ಶುರು, ನಮ್ದು 29. ಇಲ್ಲಿಂದ್ಲೇ ಕೆಲ್ಸ ನಡೀತದೆ ಅಂದ್ರೆ 29ರ ನಂಬರ್ ತಗೊಳ್ಳೋದೇ ಸರಿ, ಸರ್ಕಾರಿ ಫೀ ಒಂದ್ರುಪಾಯಿ ಇಲ್ಲ. ತಗೊಳ್ದೇ ಇದ್ರೆ ಮೊದ್ಲು ಪೆಟ್ಟು ಬೀಳೋದು ಬಾಡಿಗೆಯಲ್ಲಿ: ಕಟ್ಟಡದ ಮಾಲೀಕರು ಜಿಎಸ್‌ಟಿ ಹಾಕಿದ್ರೆ ಅದು ಕರ್ನಾಟಕದ ತೆರಿಗೆ, ಪುಣೆ ನಂಬರಲ್ಲಿ ಅದರ ಇನ್‌ಪುಟ್ ಕ್ರೆಡಿಟ್, ಅಂದ್ರೆ ಕೊಟ್ಟ ತೆರಿಗೆಯನ್ನ ನಾವು ಕಟ್ಬೇಕಾದ ತೆರಿಗೆಯಲ್ಲಿ ಮುರ್ಕೊಳ್ಳೋದು, ತಗೊಳ್ಲಿಕ್ಕೆ ಬರೋದಿಲ್ಲ, ತಿಂಗ್ಳು ತಿಂಗ್ಳೂ ಅಷ್ಟು ದುಡ್ಡು ಹೋಯ್ತು ಅಂತಲೇ ಲೆಕ್ಕ. ಇನ್ನು ಬೋರ್ಡು. ಕಂಪನಿ ಕಾಯ್ದೆನೇ ಪ್ರತಿ ಆಫೀಸಿನ ಹೊರಗೂ ಹೆಸ್ರು, ನೋಂದಾಯಿತ ವಿಳಾಸ ಆ ಊರಿನ ಭಾಷೆಯಲ್ಲೂ ಇರ್ಬೇಕು ಅಂತದೆ, ಅದ್ರ ಮೇಲೆ 2024ರ ತಿದ್ದುಪಡಿ ಪ್ರಕಾರ ನಮ್ಮಲ್ಲಿ ಬೋರ್ಡಿನ ಶೇ 60ರಷ್ಟು ಕನ್ನಡ. ಪುಣೆಯಲ್ಲೇ ಪ್ರಿಂಟ್ ಮಾಡ್ಸಿ ಬಸ್ಸಲ್ಲಿ ಕಳಿಸೋದು ಬೇಡ, ಇಲ್ಲೇ ಬರೆಸಿ, ಕಾಗುಣಿತನೂ ಸರಿ ಇರ್ತದೆ.

ಪ್ರಶ್ನೆ: ನಾವು ಮೂರು ಜನ ಸೇರಿ ಅಡಿಕೆ ವ್ಯಾಪಾರಕ್ಕೆ ಪ್ರೈವೇಟ್ ಲಿಮಿಟೆಡ್ ಮಾಡ್ಕೊಂಡಿದೀವಿ. ಇಷ್ಟು ದಿನ ಅಹಮದಾಬಾದ್ ಪಾರ್ಟಿ ಆರ್ಡರ್ ಕೊಟ್ಟ ಮೇಲೆ ಇಲ್ಲಿಂದ ಲೋಡ್ ಕಳಿಸ್ತಿದ್ವಿ. ಈಗ ಅವರು "ರಾಶಿ, ಬೆಟ್ಟೆ ಎರಡೂ ಥರದ ಅಡಿಕೆ ಇಲ್ಲೇ ಗೋಡೌನಲ್ಲಿ ಸ್ಟಾಕ್ ಇಡಿ, ಬೇಕಾದಾಗ ಬೇಕಾದಷ್ಟು ಎತ್ತೀವಿ" ಅಂತಿದಾರೆ. ಗುಜರಾತಲ್ಲಿ ರಿಜಿಸ್ಟರ್ ಆಗ್ಬೇಕಾ, ಇಲ್ಲಿಯ ನಂಬರಲ್ಲೇ ನಡೀತದಾ?
ತೀರ್ಥಹಳ್ಳಿ

ಉತ್ತರ: ಗಿರಾಕಿ ಗುಜರಾತಲ್ಲಿದಾನೆ ಅನ್ನೋದು ಲೆಕ್ಕಕ್ಕಿಲ್ಲ, ಮಾಲು ಎಲ್ಲಿ ಕೂತಿದೆ ಅನ್ನೋದೇ ಲೆಕ್ಕ. ತೀರ್ಥಹಳ್ಳಿಯಿಂದ ಐಜಿಎಸ್‌ಟಿ (ಹೊರ ರಾಜ್ಯದ ಮಾರಾಟಕ್ಕೆ ಹಾಕೋ ಜಿಎಸ್‌ಟಿ) ಹಾಕಿ ಬಿಲ್ ಮಾಡಿ ಲಾರಿ ಹತ್ತಿಸೋವರೆಗೆ ನೀವು ಇಡೀ ದೇಶಕ್ಕೆ ಮಾರಿದ್ರೂ 29ರ ನಂಬರ್ ಒಂದೇ ಸಾಕು. ನಿಮ್ಮದೇ ಮಾಲು ಅಲ್ಲಿ ಗೋಡೌನಲ್ಲಿ ಕೂತು ಅಲ್ಲಿಂದ ಮಾರಾಟ ಆಗ್ತದೆ ಅಂದ ಕೂಡ್ಲೇ ಗುಜರಾತಿನ 24ರ ನಂಬರ್ ಬೇಕೇ ಬೇಕು, ನಿಮ್ಮ ಕರ್ನಾಟಕದ ರಿಜಿಸ್ಟ್ರೇಶನ್ನಿಗೆ ಆ ಗೋಡೌನನ್ನ 'ಹೆಚ್ಚುವರಿ ವ್ಯಾಪಾರ ಸ್ಥಳ' ಅಂತ ಸೇರಿಸ್ಲಿಕ್ಕೆ ಆಗೋದಿಲ್ಲ, ಅದು ಒಂದೇ ರಾಜ್ಯದೊಳಗಿನ ಜಾಗಕ್ಕೆ ಮಾತ್ರ.

ಸುಮಾರು ಜನ ಎಡವೋದು ಮುಂದಿನ ವಿಷಯದಲ್ಲಿ. ಎರಡು ನಂಬರ್ ಆದ್ಮೇಲೆ ಕಾನೂನಿನ ಕಣ್ಣಲ್ಲಿ ನೀವೇ ಎರಡು ಬೇರೆ ವ್ಯಾಪಾರಿಗಳು. ನಿಮ್ ಮಾಲನ್ನ ನಿಮ್ ಗೋಡೌನಿಗೇ ಕಳಿಸಿದ್ರೂ ಬಿಲ್ ಆಗ್ಬೇಕು, ತೆರಿಗೆ ಬೀಳ್ತದೆ. ಒಣ ಅಡಿಕೆಗೆ ಶೇ 5, ಅಂದ್ರೆ 50 ಲಕ್ಷದ ಲೋಡಿಗೆ ಎರಡೂವರೆ ಲಕ್ಷ ಇಲ್ಲಿಯ ಲೆಕ್ಕದಲ್ಲಿ ಕಟ್ತೀರಿ, ಅದು ಗುಜರಾತ್ ನಂಬರಿಗೆ ಕ್ರೆಡಿಟ್ ಆಗಿ ಹೋಗಿ ಕೂರ್ತದೆ, ಅಲ್ಲಿ ಮಾರಾಟ ಆದಾಗ ಮುರ್ಕೊಳ್ಳೋದು. ದುಡ್ಡು ಕಳ್ಕೊಳ್ಳೋದಿಲ್ಲ, ಆದ್ರೆ ಸ್ಟಾಕ್ ಹೋಗೋವರೆಗೆ ಕಟ್ಟಿಹಾಕ್ಕೊಂಡಿರ್ತದೆ, ರೇಟ್ ಬಿದ್ದು ಪಾರ್ಟಿ ಎತ್ತೋದೇ ತಡ ಮಾಡಿದ್ರೆ ಬಡ್ಡಿ ನಿಮ್ ತಲೆ ಮೇಲೆ. ಬಿಲ್ ಎಷ್ಟಕ್ಕೆ ಹಾಕ್ಬೇಕು ಅಂತ ತಲೆ ಕೆಡಿಸ್ಕೋಬೇಡಿ, ಅಲ್ಲಿಯ ನಂಬರಿಗೆ ಪೂರ್ತಿ ಕ್ರೆಡಿಟ್ ಸಿಗೋದಾದ್ರೆ ನೀವು ಬಿಲ್ಲಲ್ಲಿ ಹಾಕಿದ ಬೆಲೆನೇ ಒಪ್ತಾರೆ.

ಬೇಕಾಗೋ ಕಾಗದ: ಗೋಡೌನಿನ ಬಾಡಿಗೆ ಕರಾರು, ಕರೆಂಟ್ ಬಿಲ್, ಮಾಲೀಕರ ಒಪ್ಪಿಗೆ ಪತ್ರ, ಕಂಪನಿ ಪ್ಯಾನ್, ನಿಮ್ಮಲ್ಲೊಬ್ರಿಗೆ ಸಹಿ ಅಧಿಕಾರ ಕೊಟ್ಟ ಬೋರ್ಡ್ ನಿರ್ಣಯ. ಆಧಾರ್ ದೃಢೀಕರಣ, ಕೆಲವು ಸಲ ಬೆರಳಚ್ಚಿಗೂ ಕರೀತಾರೆ, ಅಧಿಕಾರಿ ಬಂದು ಜಾಗ ನೋಡಿ ಫೋಟೊ ತೆಗೀಬಹುದು, ಹಾಗಾಗಿ ಬರೀ ವಿಳಾಸ ಬಾಡಿಗೆಗೆ ಕೊಡ್ತೀನಿ ಅನ್ನೋರ ಹತ್ರ ಹೋಗ್ಬೇಡಿ, ಬೀಗ ಹಾಕಿದ ಶಟರ್ ನೋಡಿ ಅರ್ಜಿ ತಿರಸ್ಕಾರ ಆದ್ರೆ ಮತ್ತೆ ಮೊದಲಿಂದ. ನಂಬರ್ ಬರೋಕ್ ಮುಂಚೆ ಮಾಲು ಕಳಿಸ್ಬೇಡಿ, ಅಡಿಕೆ ಲಾರಿ ಅಂದ್ರೆ ದಾರಿಯಲ್ಲಿ ಬೇರೆ ಮಾಲಿಗಿಂತ ಜಾಸ್ತಿನೇ ನಿಲ್ಲಿಸಿ ನೋಡ್ತಾರೆ ಅಂತ ನಿಮಗೇ ಗೊತ್ತು. 50 ಸಾವ್ರ ದಾಟಿದ ಮಾಲಿಗೆ ಇ-ವೇ ಬಿಲ್ (ಸಾಗಣೆಗೆ ಆನ್‌ಲೈನಲ್ಲಿ ತಗೊಳ್ಳೋ ರಹದಾರಿ) ಬೇಕು, ಅದ್ರ ಆಯಸ್ಸು 200 ಕಿ.ಮೀ.ಗೆ ಒಂದು ದಿನ, ಲಾರಿ ಘಾಟಿಯಲ್ಲಿ ಕೆಟ್ಟು ನಿಂತ್ರೆ ಅವಧಿ ವಿಸ್ತರಿಸ್ಲಿಕ್ಕೆ ಮರೀಬೇಡಿ.

ನನ್ನ ಕೇಳಿದ್ರೆ ಒಂದು ವರ್ಷ ಬೇರೆ ದಾರಿ ಹಿಡೀರಿ. ಅಲ್ಲಿಯ ಕಮಿಷನ್ ಏಜೆಂಟ್ ಒಬ್ಬರು ತಮ್ಮ ಹೆಸರಲ್ಲೇ ಬಿಲ್ ಮಾಡಿ ಮಾರೋದಾದ್ರೆ, ನೀವು ಇಲ್ಲಿಂದ ಅವ್ರಿಗೆ ಐಜಿಎಸ್‌ಟಿ ಬಿಲ್ ಹಾಕಿದ್ರೆ ಮುಗೀತು, ಗುಜರಾತ್ ನಂಬರ್ ಅವ್ರದ್ದು, ರಿಟರ್ನ್ ತಲೆನೋವೂ ಅವ್ರದ್ದೇ. ಮಾಲು ನಿಜವಾಗ್ಲೂ ಓಡ್ತದೆ ಅಂತ ಗಟ್ಟಿಯಾದ್ಮೇಲೆ ಸ್ವಂತ ಗೋಡೌನ್ ಮಾಡಿ.

ಪ್ರಶ್ನೆ: ಮಗಳು ಅಳಿಯ ಕ್ಯಾಲಿಫೋರ್ನಿಯಾದಲ್ಲಿದಾರೆ. ಗ್ರೀನ್ ಕಾರ್ಡ್ ಬಂದ ಮೇಲೆ ಮಗಳು ಮನೆಯಿಂದ್ಲೇ ಡಿಸೈನ್ ಕೆಲ್ಸ ಮಾಡ್ಲಿಕ್ಕೆ ಎಲ್‌ಎಲ್‌ಸಿ ಅನ್ನೋ ಸೀಮಿತ ಹೊಣೆಯ ಕಂಪನಿ ಮಾಡ್ಕೊಂಡ್ಳು, ಅಲ್ಲಿ ತೆರಿಗೆ ಇಲ್ಲ ಅಂತ ಸ್ನೇಹಿತ್ರು ಹೇಳಿದ್ರು ಅಂತ ಡೆಲವೇರ್ ರಾಜ್ಯದಲ್ಲಿ. ಈಗ ಅಲ್ಲಿಯ ಗಿರಾಕಿಯೊಬ್ರು ಕ್ಯಾಲಿಫೋರ್ನಿಯಾದ ರಿಜಿಸ್ಟ್ರೇಶನ್ ತೋರಿಸಿ ಅಂತಿದಾರಂತೆ. ಟೆಕ್ಸಾಸಲ್ಲಿರೋ ಒಬ್ಬ ಹುಡುಗನ್ನ ಕೆಲ್ಸಕ್ಕೆ ಬೇರೆ ತಗೋಬೇಕಂತೆ. ಕಂಪನಿ ಅಮೆರಿಕದ್ದೇ, ಊರೂ ಅಮೆರಿಕದ್ದೇ, ಮತ್ತೆಂತ ರಿಜಿಸ್ಟ್ರೇಶನ್ ಮಾರಾಯ್ರೆ? ಫೋನಲ್ಲಿ ಹೇಳಿದ್ಳು, ನಂಗೆ ತಲೆಬುಡ ಅರ್ಥ ಆಗ್ಲಿಲ್ಲ.
ಸಾಗರ

ಉತ್ತರ: ಅರ್ಥ ಆಗ್ದೇ ಇರೋದು ಸಹಜ, ಯಾಕಂದ್ರೆ ಅಲ್ಲಿಯ ಪದ್ಧತಿ ನಮ್ದಕ್ಕೆ ಪೂರ್ತಿ ಉಲ್ಟಾ. ಮೇಲೆ ಪುಣೆ ಕಂಪನಿಗೆ ಹೇಳಿದ್ವಲ್ಲ, ಆ ಥರ ದೇಶಕ್ಕೆಲ್ಲ ಒಂದು ಕಂಪನಿ ಕಾಯ್ದೆ ಅಮೆರಿಕದಲ್ಲಿಲ್ಲ. 50 ರಾಜ್ಯಕ್ಕೂ ಅವರವರದ್ದೇ ಕಾಯ್ದೆ, ಡೆಲವೇರಲ್ಲಿ ಹುಟ್ಟಿದ ಕಂಪನಿ ಕ್ಯಾಲಿಫೋರ್ನಿಯಾಗೆ ಹೊರಗಿನದ್ದೇ, ಅಲ್ಲಿ ವ್ಯವಹಾರ ಮಾಡ್ಬೇಕಾದ್ರೆ ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ಅನುಮತಿ ತಗೋಬೇಕು. ನಿಮ್ ಮಗಳು ಕೂತು ಕೆಲ್ಸ ಮಾಡೋದು ಕ್ಯಾಲಿಫೋರ್ನಿಯಾದ ಮನೆಯಲ್ಲಿ, ಗಿರಾಕಿನೂ ಅಲ್ಲಿಯೋರು, ಹಾಗಾಗಿ ತಪ್ಪಿಸ್ಕೊಳ್ಲಿಕ್ಕೆ ದಾರಿ ಇಲ್ಲ, ಗಿರಾಕಿ ಕೇಳಿದ್ದು ನ್ಯಾಯವಾಗೇ ಇದೆ.

ಕೆಲ್ಸ ಕಷ್ಟದ್ದಲ್ಲ. ಎಲ್‌ಎಲ್‌ಸಿ-5 ಅನ್ನೋ ಫಾರಂ, ಫೀ 70 ಡಾಲರ್. ಜೊತೆಗೆ ಡೆಲವೇರಿಂದ 'ಗುಡ್ ಸ್ಟ್ಯಾಂಡಿಂಗ್' ಸರ್ಟಿಫಿಕೇಟ್ ತರಿಸಿ ಲಗತ್ತಿಸ್ಬೇಕು, ಅಂದ್ರೆ ಕಂಪನಿ ಜೀವಂತ ಇದೆ, ಬಾಕಿ ಇಲ್ಲ ಅನ್ನೋ ಪತ್ರ, ಹಳೇದು ನಡಿಯೋದಿಲ್ಲ, ಆರು ತಿಂಗಳೊಳಗಿಂದು ಇರ್ಬೇಕು. ಕೋರ್ಟ್ ಕಾಗದ ತಗೊಳ್ಲಿಕ್ಕೆ ಆ ರಾಜ್ಯದಲ್ಲೇ ವಿಳಾಸ ಇರೋ ಏಜೆಂಟ್ ಬೇಕು, ಪೋಸ್ಟ್ ಬಾಕ್ಸ್ ಆಗೋದಿಲ್ಲ, ಅವಳು ಅಲ್ಲೇ ಇರೋದ್ರಿಂದ ಅವಳ ಹೆಸ್ರೇ ಕೊಡಬಹುದು. ಅದೇ ಹೆಸರಿನ ಕಂಪನಿ ಅಲ್ಲಿ ಮೊದ್ಲೇ ಇದ್ರೆ ಕ್ಯಾಲಿಫೋರ್ನಿಯಾಗೆ ಮಾತ್ರ ಬೇರೆ ಹೆಸ್ರು ಇಟ್ಕೊಳ್ಬೇಕಾಗ್ತದೆ. ಆಮೇಲೆ 90 ದಿನದೊಳಗೆ ಒಂದು ಮಾಹಿತಿ ಪತ್ರ, 20 ಡಾಲರ್, ಅದು ಎರಡು ವರ್ಷಕ್ಕೊಮ್ಮೆ.

ಖರ್ಚು ಇರೋದು ಫೀಯಲ್ಲಲ್ಲ, ವರ್ಷವರ್ಷ ಕಟ್ಟೋದ್ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಎಲ್‌ಎಲ್‌ಸಿ ವ್ಯವಹಾರ ಮಾಡ್ತು ಅಂದ್ರೆ ಲಾಭ ಬರ್ಲಿ ಬಿಡ್ಲಿ ವರ್ಷಕ್ಕೆ 800 ಡಾಲರ್ ತೆರಿಗೆ, ಅದ್ರ ಜೊತೆ ಡೆಲವೇರಿಗೆ ಜೂನ್ 1ರೊಳಗೆ 300 ಡಾಲರ್, ಅಲ್ಲೊಬ್ಬ ಏಜೆಂಟಿಗೆ ಬೇರೆ. ಡೆಲವೇರಲ್ಲಿ ತೆರಿಗೆ ಇಲ್ಲ ಅಂತ ಸ್ನೇಹಿತ್ರು ಹೇಳಿದ್ದು ಅರ್ಧ ಸತ್ಯ, ಆ ರಾಜ್ಯದಲ್ಲಿ ವ್ಯವಹಾರ ಇಲ್ದಿದ್ರೆ ಅಲ್ಲಿ ಆದಾಯ ತೆರಿಗೆ ಇಲ್ಲ, ಸರಿ, ಆದ್ರೆ ದುಡಿಯೋ ರಾಜ್ಯದ್ದು ಅದ್ರಿಂದ ತಪ್ಪೋದಿಲ್ಲ. ಡೆಲವೇರ್ ಯಾರಿಗೆ ಅಂದ್ರೆ ಹೊರಗಿನ ಹೂಡಿಕೆದಾರರ ದುಡ್ಡು ಎತ್ತೋ ದೊಡ್ಡ ಕಂಪನಿಗಳಿಗೆ, ಅಲ್ಲಿ 1792ರಿಂದ ಚಾನ್ಸರಿ ಕೋರ್ಟ್ ಇದೆ, ಕಂಪನಿ ವ್ಯಾಜ್ಯಕ್ಕೆ ಹೆಸರುವಾಸಿ, ಜ್ಯೂರಿ ಇಲ್ಲ, ನ್ಯಾಯಾಧೀಶರೇ ತೀರ್ಮಾನ ಮಾಡೋದು, ಹೂಡಿಕೆದಾರರಿಗೆ ಅದು ಹಿತ. ಮನೆಯಲ್ಲಿ ಕೂತು ಡಿಸೈನ್ ಮಾಡೋಳಿಗೆ ಅದ್ರಿಂದ ಎಂಥದ್ದೂ ಇಲ್ಲ. ಸುಮ್ನೆ ಎರಡೆರಡು ಕಡೆ ಕಟ್ಟೋ ಬದ್ಲು ಡೆಲವೇರ್ ಎಲ್‌ಎಲ್‌ಸಿಯನ್ನ ಕ್ಯಾಲಿಫೋರ್ನಿಯಾದ ಎಲ್‌ಎಲ್‌ಸಿಯಾಗಿ ಪರಿವರ್ತನೆ ಮಾಡ್ಕೊಳ್ಲಿಕ್ಕೆ ಅವಕಾಶ ಇದೆ, ಅಲ್ಲಿಯ ಸಿಪಿಎ (ಲೆಕ್ಕ ಪರಿಶೋಧಕರು) ಹತ್ರ ಮೊದ್ಲು ಇದನ್ನೇ ಕೇಳ್ಲಿ.

ರಿಜಿಸ್ಟರ್ ಆಗ್ದೇ ಸುಮ್ನಿದ್ರೆ? ಯಾರೂ ಬಾಗಿಲು ಮುಚ್ಚಿಸೋದಿಲ್ಲ. ಆದ್ರೆ ಗಿರಾಕಿ ದುಡ್ಡು ಕೊಡ್ದೇ ಕೈ ಎತ್ತಿದ ದಿನ ಕ್ಯಾಲಿಫೋರ್ನಿಯಾ ಕೋರ್ಟಲ್ಲಿ ದಾವೆ ನಡೆಸ್ಲಿಕ್ಕೆ ಬಿಡೋದಿಲ್ಲ, ಮೊದ್ಲು ರಿಜಿಸ್ಟರ್ ಆಗಿ, ಹಿಂದಿನ ಬಾಕಿ, ದಂಡ ಕಟ್ಟಿ ಬಾ ಅಂತಾರೆ. ಅವಳ ಮೇಲೆ ಬೇರೆಯೋರು ಕೇಸ್ ಹಾಕಿದ್ರೆ ಮಾತ್ರ ವಾದ ಮಾಡ್ಲಿಕ್ಕೆ ಅಡ್ಡಿ ಇಲ್ಲ.

ಟೆಕ್ಸಾಸ್ ಹುಡುಗನ ವಿಷ್ಯ ಯೋಚ್ನೆ ಮಾಡಿ ಮಾಡ್ಲಿ. ಟೆಕ್ಸಾಸಲ್ಲಿ ಗಿರಾಕಿ ಇದ್ದು ಕ್ಯಾಲಿಫೋರ್ನಿಯಾದಿಂದ ಕೆಲ್ಸ ಕಳಿಸಿದ್ರೆ, ಅಥವಾ ಅಲ್ಲಿ ಬರೀ ಬ್ಯಾಂಕ್ ಖಾತೆ ಇದ್ರೆ ಸಾಮಾನ್ಯವಾಗಿ ಈ ರಿಜಿಸ್ಟ್ರೇಶನ್ ಬೇಡ, ಆದ್ರೆ ಸಂಬ್ಳದ ಆಳು ಅಲ್ಲಿ ಕೂತು ದಿನಾ ಕೆಲ್ಸ ಮಾಡ್ತಾನೆ ಅಂದ್ರೆ ಅಲ್ಲೂ ಮಾಡಿಸ್ಬೇಕಾಗ್ತದೆ, ಟೆಕ್ಸಾಸಿನ ಫೀ 750 ಡಾಲರ್, ಜೊತೆಗೆ ಸಂಬ್ಳದ ಲೆಕ್ಕಕ್ಕೆ ಆ ರಾಜ್ಯದ ಬೇರೆ ಖಾತೆ. ನ್ಯೂಯಾರ್ಕ್ ಅಂತೂ ಇನ್ನೂ ವಿಚಿತ್ರ, ಹೊರ ರಾಜ್ಯದ ಎಲ್‌ಎಲ್‌ಸಿ ಆರು ವಾರ ಎರಡು ಪತ್ರಿಕೆಯಲ್ಲಿ ಪ್ರಕಟಣೆ ಕೊಡ್ಬೇಕು, ನಮ್ಮಲ್ಲಿ ಜಾಗ ತಗೊಳ್ಳುವಾಗ ತಕರಾರು ಇದ್ರೆ ತಿಳಿಸಿ ಅಂತ ಪೇಪರಲ್ಲಿ ಹಾಕಿಸ್ತಾರಲ್ಲ ಆ ಥರ. ನಾಳೆ ಮಗಳು ಅಳಿಯ ಕ್ಯಾಲಿಫೋರ್ನಿಯಾ ಬಿಟ್ಟು ಬೇರೆ ರಾಜ್ಯಕ್ಕೆ ಹೋದ್ರೆ ಮನೆ ಖಾಲಿ ಮಾಡಿದ ಹಾಗೆ ರಿಜಿಸ್ಟ್ರೇಶನ್ನೂ ಬರೆದು ರದ್ದು ಮಾಡಿಸ್ಬೇಕು, ಇಲ್ಲಾಂದ್ರೆ 800 ಡಾಲರ್ ವರ್ಷವರ್ಷ ಏರ್ತಾ ಹೋಗ್ತದೆ. ಇದನ್ನ ಓದ್ತಿರೋ ಬೇರೆ ಅಪ್ಪ ಅಮ್ಮಂದಿರಿಗೆ ಒಂದು ಮಾತು, ನಿಮ್ ಮಕ್ಳು ಎಚ್-1ಬಿ ವೀಸಾದಲ್ಲಿದ್ರೆ ಸ್ವಂತ ಕಂಪನಿಯಲ್ಲಿ ಕೆಲ್ಸ ಮಾಡೋದೇ ಬೇರೆ ಅಪಾಯ, ಅದಕ್ಕೆ ಇಮಿಗ್ರೇಶನ್ ವಕೀಲರನ್ನ ಕೇಳದೇ ಕೈ ಹಾಕೋದು ಬೇಡ.

ಪ್ರಶ್ನೆ: ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರ್ತೀನಿ, ಜಿಎಸ್‌ಟಿ ಕಾಂಪೊಸಿಶನ್ನಲ್ಲಿದೀನಿ. ಗೋವಾದ ಅಂಗಡಿಯೋರು ಕೇಳ್ತಿದಾರೆ, ಕಳಿಸಬಹುದಾ?
ರಿಪ್ಪನ್‌ಪೇಟೆ

ಉತ್ತರ: ಕಾಂಪೊಸಿಶನ್ ಅಂದ್ರೆ ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡ್ಮೆ ದರದಲ್ಲಿ ತೆರಿಗೆ ಕಟ್ಟೋ ಯೋಜನೆ, ಅದ್ರಲ್ಲಿ ಇರೋವರೆಗೆ ರಾಜ್ಯದಾಚೆ ಒಂದು ಬಾಟ್ಲಿನೂ ಮಾರೋ ಹಾಗಿಲ್ಲ ಅಮ್ಮ. ರೆಗ್ಯುಲರ್‌ಗೆ ಬದಲಾಯಿಸ್ಕೊಳ್ಳಿ, ಆಮೇಲೆ ರಿಪ್ಪನ್‌ಪೇಟೆಯಿಂದ್ಲೇ ಬಿಲ್ ಹಾಕಿ ಕಳಿಸಿ, ಗೋವಾ ನಂಬರ್ ಬೇಡ. ಆಹಾರದ ಲೈಸೆನ್ಸ್ ನಂಬರ್ ಲೇಬಲ್ ಮೇಲೆ ಇರ್ಲಿ.

ಪ್ರಶ್ನೆ: ನಮ್ಮದು ಅಡಿಕೆ ಬೆಳೆಗಾರರ ಸಹಕಾರ ಸಂಘ, ಕರ್ನಾಟಕದ ಕಾಯ್ದೆಯಲ್ಲಿ ನೋಂದಣಿ. ಕೇರಳದಲ್ಲಿ ಶಾಖೆ ತೆಗೆದು ಅಲ್ಲಿಯ ಬೆಳೆಗಾರರನ್ನೂ ಸದಸ್ಯರನ್ನಾಗಿ ಮಾಡ್ಕೊಳ್ಳೋ ಮಾತು ಮಹಾಸಭೆಯಲ್ಲಿ ಬಂತು. ಕಂಪನಿ ಥರ ಹೋಗಬಹುದಾ?
ಹೊಸನಗರ

ಉತ್ತರ: ಹೋಗ್ಲಿಕ್ಕೆ ಬರೋದಿಲ್ಲ. ಸಹಕಾರ ಸಂಘ ರಾಜ್ಯದ 1959ರ ಕಾಯ್ದೆಯಲ್ಲಿ ಹುಟ್ಟಿದ್ದು, ಅದ್ರ ಕಾರ್ಯಕ್ಷೇತ್ರ ಬೈಲಾದಲ್ಲಿ ಬರೆದಷ್ಟೇ, ರಾಜ್ಯದ ಗಡಿ ದಾಟ್ಬೇಕಾದ್ರೆ ಕೇಂದ್ರದ 2002ರ ಬಹುರಾಜ್ಯ ಸಹಕಾರ ಸಂಘಗಳ ಕಾಯ್ದೆಗೆ ಬರ್ಬೇಕು. ಕ್ಯಾಂಪ್ಕೊ ಅದೇ ಥರದ್ದು, 1973ರಲ್ಲಿ ಕರ್ನಾಟಕ, ಕೇರಳ ಎರಡೂ ಸೇರಿ ಶುರು ಮಾಡಿದ್ದು. ನಿಮ್ಮ ಸಂಘ ಹಾಗೆ ಬದಲಾದ್ರೆ ರಾಜ್ಯದ ಸಹಕಾರ ಇಲಾಖೆ ಕೈಯಿಂದ ಕೇಂದ್ರ ರಿಜಿಸ್ಟ್ರಾರ್ ಕೈಗೆ ಹೋಗ್ತೀರಿ, ರಾಜ್ಯದಿಂದ ಬರೋ ಬಡ್ಡಿ ಸಹಾಯಧನದ ಕಥೆ ಎಂತ ಆಗ್ತದೆ ಅಂತ ಮಹಾಸಭೆಗೂ ಮುಂಚೆ ಡಿಸಿಸಿ ಬ್ಯಾಂಕಲ್ಲಿ ವಿಚಾರ್ಸಿ. ಬರೀ ಕೇರಳದ ಅಡಿಕೆ ಕೊಳ್ಳೋದೇ ಉದ್ದೇಶ, ಸದಸ್ಯತ್ವ ಬೇಡ ಅಂದ್ರೆ ಇದೆಲ್ಲ ಹಚ್ಕೊಳ್ಳೋದೇ ಬೇಡ, ಒಂದಿಷ್ಟು ಬೆಳೆಗಾರರು ಸೇರಿ ಪ್ರೊಡ್ಯೂಸರ್ ಕಂಪನಿ ಮಾಡ್ಕೊಳ್ಳಿ, ಅದು ಕಂಪನಿ ಕಾಯ್ದೆಯಲ್ಲಿ ಬರೋದ್ರಿಂದ ಯಾವ ರಾಜ್ಯಕ್ಕೂ ಹೋಗಬಹುದು, ಅಲ್ಲಿ ಗೋಡೌನ್ ಮಾಡಿದ್ರೆ ಕೇರಳದ 32ರ ಜಿಎಸ್‌ಟಿ ನಂಬರ್ ತಗೊಳ್ಳಿ.