ಉ: ಕೆಲಸದ ಜೊತೆ ಹತ್ತು ಹಸು ಸಾಕೋದು ಹೇಗೆ?

ವಾರವಿಡೀ ಕೆಲ್ಸಕ್ಕೆ ಹೋಗ್ತೀರ, ಹತ್ತು ಹಸು ಇವೆ, ವರ್ಷ ಪೂರ್ತಿ ಒಂದಲ್ಲ ಒಂದು ಕರು ಹಾಕ್ತಾನೇ ಇರುತ್ತೆ ಅಂದ್ರಲ್ಲ, ಮೊದ್ಲು ಹೋರೀನ ಬೇರೆ ಕಟ್ಟಿ. 60ರಿಂದ 90 ದಿನ ಮಾತ್ರ ಮಂದೆಗೆ ಬಿಡಿ ಸಾಕು. ಗಬ್ಬ ಸುಮಾರು 283 ದಿನ, ಅಂದ್ರೆ ನಿಮಗೆ ರಜೆ ಸಿಗೋ ತಿಂಗಳು ನೋಡ್ಕೊಂಡು ಹಿಂದಕ್ಕೆ ಎಣಿಸಿದ್ರೆ ಹೋರಿ ಯಾವಾಗ ಬಿಡ್ಬೇಕು ಅಂತ ಗೊತ್ತಾಗುತ್ತೆ, ಕರುಗಳೆಲ್ಲ ಒಂದೇ ಸಮಯಕ್ಕೆ ಬಂದ್ರೆ ಲಸಿಕೆ, ಜಂತುಮದ್ದು, ಮಾರೋದು ಎಲ್ಲಾ ಒಟ್ಟಿಗೇ ಮುಗಿಯುತ್ತೆ.

ಇನ್ನೊಂದು, ದಿನ ತುಂಬ್ತಾ ಬಂದಿರೋ ಹಸುಗಳಿಗೆ ಮೇವನ್ನ ಬೆಳಿಗ್ಗೆ ಬದ್ಲು ಸಂಜೆ ಕತ್ತಲಾಗೋ ಹೊತ್ತಿಗೆ ಹಾಕಿ. ಹೀಗೆ ಮಾಡಿದ್ರೆ ಜಾಸ್ತಿ ಹಸುಗಳು ಹಗಲಲ್ಲೇ ಕರು ಹಾಕ್ತವೆ, ಅದಕ್ಕೇ ಆ ದಿನಗಳಿಗೆ ರಜೆ ಉಳಿಸ್ಕೊಳ್ಳಿ. ಮೇವು ಹಾಕ್ದಾಗ ಎಲ್ಲಾ ಓಡಿ ಬಂದು ಒಂದು ಮಾತ್ರ ಬೇಲಿ ಹತ್ರ ಬಾಲ ಎತ್ಕೊಂಡು ನಿಂತಿದ್ರೆ, ಕೆಚ್ಚಲು ಬಿಗಿದು ಮೊಲೆ ತುದಿ ಮೇಣದ ಹಾಗೆ ಹೊಳೀತಿದ್ರೆ ಕರು ಹಾಕೋ ಹೊತ್ತು ಹತ್ರ ಬಂತು ಅಂತ, ಆವತ್ತು ಅಲ್ಲಿಂದ ಕದಲ್ಬೇಡಿ. ನೀರಿನ ಚೀಲ ಕಂಡು ಒಂದು ಗಂಟೆ ಆದ್ರೂ ಮುಂದುವರೀಲಿಲ್ಲ ಅಂದ್ರೆ ಕಾಯ್ಬೇಡಿ, ಡಾಕ್ಟ್ರಿಗೆ ಫೋನ್ ಮಾಡಿ. ಗಿಣ್ಣುಹಾಲು ಹುಟ್ಟಿದ ಆರು ಗಂಟೆ ಒಳಗೆ ಕರು ಹೊಟ್ಟೆ ಸೇರ್ಲೇಬೇಕು.