ಟಿಎಲ್‌ಡಿ (ರೇಡಿಯೇಷನ್ ಅಳೆಯೋ ಬ್ಯಾಡ್ಜ್) ನಾರ್ಮಲ್ ಇದ್ರೂ ಕಣ್ಣು ಚೆಕ್ ಮಾಡಿಸ್ಬೇಕಾ?

ಸಿಸ್ಟರ್, ಕೋಲಾರದಲ್ಲಿ ಮೂಳೆ ಆಪರೇಷನ್ ಥಿಯೇಟರಲ್ಲಿ (ಓಟಿ) ಆರು ವರ್ಷದಿಂದ ಸಿ-ಆರ್ಮ್ (ಆಪರೇಷನ್ ಮಧ್ಯೆ ಎಕ್ಸ್‌ರೇ ತೋರಿಸೋ ಮೆಷಿನ್) ಪಕ್ಕ ನಿಂತ್ಕೋತೀನಿ, ಟಿಎಲ್‌ಡಿ ರಿಪೋರ್ಟ್ ನಾರ್ಮಲ್, ಆದ್ರೂ ರಾತ್ರಿ ಎದುರಿನ ಗಾಡಿ ಲೈಟ್ ಕಣ್ಣಿಗೆ ಕುಕ್ಕುತ್ತೆ ಅಂತ ಕೇಳಿದೀರಲ್ಲ. ನಾನು ತುಮಕೂರಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ದಯವಿಟ್ಟು ಚೆಕ್ ಮಾಡಿಸಿ, ಮುಂದೂಡ್ಬೇಡಿ.

ಬ್ಯಾಡ್ಜ್ ಇರೋದು ಎದೆ ಹತ್ರ, ಲೆಡ್ ಏಪ್ರನ್ ಒಳಗೆ. ಪೇಷಂಟ್ ಮೈಗೆ ತಾಗಿ ಚದುರಿ ನಿಮ್ಮ ಮುಖಕ್ಕೆ ಬರೋ ಕಿರಣ ಎಷ್ಟು ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು? ರೇಡಿಯೇಷನ್ನಿಂದ ಬರೋ ಪೊರೆ ಸಾಮಾನ್ಯವಾಗಿ ಲೆನ್ಸಿನ ಹಿಂಭಾಗದಲ್ಲಿ ಶುರುವಾಗುತ್ತೆ, ಲೈಟ್ ಕುಕ್ಕೋದು ಅದರ ಒಂದು ಲಕ್ಷಣ, ಆದ್ರೆ ಶುಗರ್ ಇದ್ರೂ, ಸ್ಟೀರಾಯ್ಡ್ ತಗೊಂಡಿದ್ರೂ ಇಂಥದ್ದೇ ಪೊರೆ ಬರ್ಬಹುದು, ಬರೀ ಕನ್ನಡಕದ ನಂಬರ್ ಬದಲಾಗಿದ್ರೂ ಹೀಗಾಗುತ್ತೆ, ಅದಕ್ಕೆ ಈಗ್ಲೇ ಗಾಬರಿ ಬೇಡ. ಕಣ್ಣಿನ ಡಾಕ್ಟ್ರಿಗೆ ನಿಮ್ಮ ಕೆಲಸ ಏನು ಅಂತ ಬಿಡಿಸಿ ಹೇಳಿ, ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ಸ್ಲಿಟ್ ಲ್ಯಾಂಪಲ್ಲಿ (ಕಣ್ಣು ದೊಡ್ಡದಾಗಿ ತೋರಿಸೋ ಮೈಕ್ರೋಸ್ಕೋಪ್) ನೋಡಿ ಅಂತ ಕೇಳಿ. ಅವತ್ತು ಗಾಡಿ ಓಡಿಸ್ಬೇಡಿ, ಕೆಲವು ಗಂಟೆ ಮಂಜು ಮಂಜಾಗಿರುತ್ತೆ.

ರೇಡಿಯೇಷನ್ ಸುರಕ್ಷತೆಯ ಅಂತರರಾಷ್ಟ್ರೀಯ ಸಂಸ್ಥೆ ಐಸಿಆರ್‌ಪಿ 2011ರಲ್ಲೇ ಕಣ್ಣಿನ ಲೆನ್ಸಿಗೆ ವರ್ಷಕ್ಕೆ 150 ಮಿಲಿಸೀವರ್ಟ್ (ರೇಡಿಯೇಷನ್ ಅಳತೆ) ಇದ್ದ ಮಿತಿನ 5 ವರ್ಷದ ಸರಾಸರಿಲಿ 20ಕ್ಕೆ ಇಳಿಸ್ತು, ಯಾವ ವರ್ಷನೂ 50 ದಾಟಬಾರ್ದು ಅಂತ. ಇಷ್ಟಾದ್ರೂ ನಮ್ಮ ಕಡೆ ಎಷ್ಟೋ ಓಟಿಲಿ ಏಪ್ರನ್ ಸಿಗುತ್ತೆ, ಲೆಡ್ ಕನ್ನಡಕ ಕೇಳಿದ್ರೆ ಮುಖ ನೋಡ್ತಾರೆ. ಕೇಳೋದು ಬಿಡ್ಬೇಡಿ, ಬರವಣಿಗೆಲೇ ಕೊಡಿ, ಪಕ್ಕದಲ್ಲೂ ಮರೆ ಇರೋದೇ ಬೇಕು ಅನ್ನಿ.

ಅಲ್ಲೀವರೆಗೆ ಎಕ್ಸ್‌ರೇ ಹೊರಡೋ ಟ್ಯೂಬ್ ಟೇಬಲ್ ಕೆಳಗೇ ಇರೋ ಹಾಗೆ ನೋಡ್ಕೊಳ್ಳಿ, ಲ್ಯಾಟರಲ್ (ಪಕ್ಕದಿಂದ ಚಿತ್ರ) ತೆಗೆಯುವಾಗ ಟ್ಯೂಬ್ ಕಡೆ ನಿಲ್ಬೇಡಿ, ಚದುರೋದು ಆ ಕಡೆನೇ ಜಾಸ್ತಿ. ಸರ್ಜನ್ ಎಕ್ಸ್‌ರೇ ಪೆಡಲ್ ಒತ್ತೋವಾಗ ಕೈಯಲ್ಲಿ ಕೆಲಸ ಇಲ್ಲಾಂದ್ರೆ ಎರಡು ಹೆಜ್ಜೆ ಹಿಂದೆ ಹೋಗಿ.