ಅರ್ಧಕ್ಕೆ ಬಿಟ್ಟ ಸೇವೆಗೆ ಮತ್ತೆ ಬರಬಹುದಾ?

ಚರ್ಚಿನ ಸಂಡೇ ಸ್ಕೂಲ್‌ನಲ್ಲಿ ಪಾಠ ಹೇಳುವ ಜವಾಬ್ದಾರಿ ಅರ್ಧಕ್ಕೆ ಬಿಟ್ಟು ಹೋದೆ, ದೇವರು ಕ್ಷಮಿಸಿ ಮತ್ತೆ ನನ್ನನ್ನು ಬಳಸುತ್ತಾನಾ ಅಂತ ಕೇಳಿದ್ದೀರಿ. ಕ್ಷಮೆಯ ಬಗ್ಗೆ ಅನುಮಾನ ಬೇಡ, ಬೈಬಲಿನಲ್ಲಿ 1 ಯೋಹಾನ 1:9 ಓದಿ, ಪಾಪ ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಅಂತಿದೆ. ಜನರ ನಂಬಿಕೆ ಮಾತ್ರ ನಿಧಾನಕ್ಕೆ ಬರುತ್ತದೆ.

ಬೈಬಲಿನ ಮಾರ್ಕನನ್ನೇ ನೋಡಿ. ಸುವಾರ್ತೆ ಸಾರಲು ಜೊತೆಗೆ ಹೊರಟಿದ್ದವನು, ಹಿರಿಯ ಸೇವಕರಾದ ಪೌಲ ಮತ್ತು ಬಾರ್ನಬರನ್ನು ದಾರಿಯಲ್ಲೇ ಬಿಟ್ಟು ಯೆರೂಸಲೇಮಿಗೆ ವಾಪಸ್ ಹೋದ. ಮುಂದಿನ ಪ್ರಯಾಣಕ್ಕೆ ಇವನು ಬೇಡವೇ ಬೇಡ ಅಂದ ಪೌಲ. ಅದೇ ವಿಷಯಕ್ಕೆ ಇಬ್ಬರು ಹಿರಿಯರೂ ಜಗಳವಾಡಿ ಬೇರೆಯಾದರು! ಬಾರ್ನಬ ಮಾತ್ರ ಅವನನ್ನು ಸೈಪ್ರಸ್‌ಗೆ ಕರೆದುಕೊಂಡು ಹೋದ. ಕೊನೆಗೆ ಸೆರೆಯಿಂದ ಅದೇ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆಯುತ್ತಾನೆ: ಮಾರ್ಕನನ್ನು ಕರೆದುಕೊಂಡು ಬಾ, ಅವನು ಸೇವೆಗೆ ಬೇಕಾದವನು ಅಂತ. ನಡುವೆ ವರ್ಷಗಳೇ ಕಳೆದಿದ್ದವು ಅಲ್ವಾ?

ನಿಮಗೂ ಒಬ್ಬ ಬಾರ್ನಬ ಬೇಕು. ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರ್ ಹತ್ತಿರ ಕೂತು ಮಾತಾಡಿ. ಪಾಠ ಹೇಳುವ ಕೆಲಸವೇ ಸಿಗಬೇಕು ಅಂತಿಲ್ಲ. ಸದ್ಯಕ್ಕೆ ಕುರ್ಚಿ ಜೋಡಿಸುವುದಕ್ಕೂ ಜನ ಬೇಕೇ ಬೇಕು.